ಹಳೆಯ ಲೇಖನಿ, ಹೊಸ ಹರಾಜು

ಕೆರೆಯಲ್ಲಿ ಮುಳುಗಿರುವ ಎಮ್ಮೆಗೆ ದಂಡೆಯ ಮೇಲೆ ನಿಂತು ಬೆಲೆ ಕಟ್ಟುವ ವ್ಯಾಪಾರವನ್ನು ಹಿಂದಿನವರು ಜಾಣರ ವ್ಯಾಪಾರವೆಂದು ಎಣಿಸಲಿಲ್ಲ. ದಂಡೆಯ ಮೇಲಿನವನಿಗೆ ಕಾಣುವುದು ಕೊಂಬುಗಳು ಮಾತ್ರ. ಕೆಚ್ಚಲು ಬತ್ತಿದೆಯೇ, ಕಾಲು ಕುಂಟೇ ಎಂಬುದು ಎಮ್ಮೆ ಮೇಲೆ ಬಂದು ನಿಂತಾಗಲೇ ತಿಳಿಯತಕ್ಕದ್ದು. ಅಷ್ಟರಲ್ಲಿ ಹಣವು ಕೈಬಿಟ್ಟು ಹೋಗಿರುತ್ತದೆ. ಆದರೂ ಇಂದು ಲೋಕದ ನಾನಾ ಮೂಲೆಗಳಲ್ಲಿ ವಿದ್ಯಾವಂತರೂ ಮಿತವ್ಯಯಿಗಳೂ ಆದ ಸಾವಿರಾರು ಜನರು ಪ್ರತಿನಿತ್ಯವೂ ಈ ವ್ಯಾಪಾರದಲ್ಲಿ ತೊಡಗಿದ್ದಾರೆ. ಅವರ ಎಮ್ಮೆಯ ಹೆಸರು ಫೌಂಟನ್ ಪೆನ್ನು. ಅವರ ಕೆರೆಯ ಹೆಸರು ಅಂತರಜಾಲದ ಹರಾಜುಕಟ್ಟೆ.

ಅರವತ್ತು, ಎಂಬತ್ತು, ಕೆಲವೊಮ್ಮೆ ನೂರು ವರ್ಷಗಳಷ್ಟು ಹಳೆಯದಾದ ಲೇಖನಿಯೊಂದು ಅಮೆರಿಕದ ಯಾವುದೋ ಸಣ್ಣ ಊರಿನ ಮೇಜಿನ ಸೆಳೆಖಾನೆಯಿಂದ ಹೊರಬರುತ್ತದೆ. ಅಜ್ಜನ ಸಾಮಾನುಗಳನ್ನು ವಿಲೇವಾರಿ ಮಾಡುತ್ತಿರುವ ಮೊಮ್ಮಗನು ಅದರ ನಾಲ್ಕು ಚಿತ್ರಗಳನ್ನು ತೆಗೆದು ಹರಾಜಿಗೆ ಇಡುತ್ತಾನೆ. ಏಳೆಂಟು ದಿನಗಳ ಅವಧಿಯಲ್ಲಿ ಟೋಕಿಯೋದ ವೈದ್ಯನೂ ಲಂಡನ್ನಿನ ವಕೀಲನೂ ಬೆಂಗಳೂರಿನ ಇಂಜಿನಿಯರನೂ ಒಬ್ಬರನ್ನೊಬ್ಬರು ಕಾಣದೆಯೇ ಅದಕ್ಕಾಗಿ ಸವಾಲು ಹಾಕುತ್ತಾರೆ. ಮೊಬೈಲಿನಲ್ಲೇ ಸಮಸ್ತ ಲೇಖನವ್ಯವಹಾರವನ್ನೂ ಮುಗಿಸುವ ಈ ಕಾಲದಲ್ಲಿ, ಬೆರಳಿಗೆ ಶಾಯಿ ಮೆತ್ತುವ ವಸ್ತುವೊಂದಕ್ಕಾಗಿ ಇಷ್ಟು ಪೈಪೋಟಿ ಏಕೆ? ಈ ಪೈಪೋಟಿಯಲ್ಲಿ ಮೋಸಹೋಗದೆ ಪಾರಾಗುವ ದಾರಿ ಯಾವುದು? ಎರಡನ್ನೂ ವಿಚಾರಿಸುವುದು ರಸಕರವೂ ಪ್ರಯೋಜನಕರವೂ ಆಗಿದೆ.

ಲೇಖನಿಯ ವಂಶಾವಳಿ

ಶಾಯಿಕುಡಿಕೆಯಲ್ಲಿ ಅದ್ದಿ ಅದ್ದಿ ಬರೆಯುವ ಕಷ್ಟವನ್ನು ನೀಗಲು ಹತ್ತೊಂಬತ್ತನೆಯ ಶತಮಾನದಲ್ಲಿ ಅನೇಕರು ಹೆಣಗಿದರು. ಒಡಲಿನಲ್ಲಿ ಶಾಯಿಯನ್ನು ತುಂಬುವುದು ಸುಲಭ. ಅದು ಬೇಕಾದಷ್ಟೇ, ಬೇಕಾದಾಗಲೇ ಕೆಳಗಿಳಿಯುವಂತೆ ಮಾಡುವುದೇ ಕಷ್ಟ. ಹೊರಹೋದ ಶಾಯಿಯ ಸ್ಥಾನಕ್ಕೆ ಅಷ್ಟೇ ಗಾಳಿ ಒಳಬರಬೇಕು. ಹೆಚ್ಚು ಬಂದರೆ ಕಾಗದದ ಮೇಲೆ ಕೆರೆ, ಕಡಿಮೆ ಬಂದರೆ ಬರಗಾಲ. ನಿಬ್ಬಿನ ಅಡಿಯಲ್ಲಿ ಕುಳಿತಿರುವ ನಾಲಗೆಯಂಥ ಭಾಗದಲ್ಲಿ ಕೂದಲೆಳೆಯಂಥ ಸೀಳುಗಳನ್ನು ಕೊರೆದು ಈ ಸಮತೂಕವನ್ನು ಸಾಧಿಸಿ 1884ರಲ್ಲಿ ನ್ಯೂಯಾರ್ಕಿನ ಲೂಯಿ ವಾಟರ್‌ಮನ್ ಎಂಬಾತನು ಪೇಟೆಂಟು ಪಡೆದನು. ಆತನು ವಿಮಾ ಏಜೆಂಟನಾಗಿದ್ದನೆಂದೂ, ಮಹತ್ವದ ಕರಾರುಪತ್ರದ ಮೇಲೆ ಶಾಯಿ ಚೆಲ್ಲಿ ಗಿರಾಕಿಯನ್ನು ಕಳೆದುಕೊಂಡ ಸಿಟ್ಟಿನಿಂದ ಹೊಸ ಪೆನ್ನನ್ನು ಕಂಡುಹಿಡಿದನೆಂದೂ ಕಥೆಯುಂಟು. ಅದು ಜಾಹೀರಾತಿನಿಂದ ಹುಟ್ಟಿದ ಕಥೆಯೆಂಬುದು ಈ ವಿಷಯವನ್ನು ಶೋಧಿಸಿದವರ ಮತ.

ಜೇನ್ಸ್‌ವಿಲ್ ಎಂಬ ಊರಿನಲ್ಲಿ ತಂತಿವಿದ್ಯೆಯನ್ನು ಕಲಿಸುತ್ತಿದ್ದ ಉಪಾಧ್ಯಾಯ ಜಾರ್ಜ್ ಪಾರ್ಕರನು, ತನ್ನ ವಿದ್ಯಾರ್ಥಿಗಳಿಗೆ ಮಾರಿದ ಪೆನ್ನುಗಳು ಪದೇ ಪದೇ ಸೋರಿದ್ದರಿಂದ ಅವನ್ನು ರಿಪೇರಿ ಮಾಡುತ್ತ ಮಾಡುತ್ತ ಸ್ವತಃ ಪೆನ್ನು ತಯಾರಕನಾದನು. 1888ರಲ್ಲಿ ಆತನ ಕಂಪನಿ ಸ್ಥಾಪನೆಯಾಯಿತು. ಅಯೋವಾ ಪ್ರಾಂತದ ಆಭರಣವ್ಯಾಪಾರಿ ವಾಲ್ಟರ್ ಷೀಫರನು ಒಡಲಿನ ಪಕ್ಕದಲ್ಲಿ ಸಣ್ಣ ಸನ್ನೆಕಡ್ಡಿಯನ್ನು ಇಟ್ಟು, ಅದನ್ನು ಎತ್ತಿ ಇಳಿಸಿದರೆ ಒಳಗಿನ ರಬ್ಬರ್ ಚೀಲವು ತಾನಾಗಿ ಶಾಯಿ ಹೀರುವ ಉಪಾಯಕ್ಕೆ 1908ರಲ್ಲಿ ಪೇಟೆಂಟು ಪಡೆದನು. ಪಾರ್ಕರ್ ಕಂಪನಿಯು 1921ರಲ್ಲಿ ಕೆಂಪುಬಣ್ಣದ ‘ಡುಯೋಫೋಲ್ಡ್’ ಎಂಬ ದಪ್ಪ ಪೆನ್ನನ್ನು 7 ಡಾಲರಿಗೆ ಮಾರಾಟಕ್ಕಿಟ್ಟಿತು. 1924ರಲ್ಲಿ ಜರ್ಮನಿಯ ಮಾಂಟ್‌ಬ್ಲಾಂಕ್ ಕಂಪನಿಯ ‘ಮೈಸ್ಟರ್‌ಷ್ಟುಕ್’ ಬಂದಿತು. ಅದರ ನಿಬ್ಬಿನ ಮೇಲೆ ಕೆತ್ತುವ 4810 ಎಂಬ ಸಂಖ್ಯೆ ಮಾಂಟ್‌ಬ್ಲಾಂಕ್ ಪರ್ವತದ ಎತ್ತರವನ್ನು ಮೀಟರುಗಳಲ್ಲಿ ಸೂಚಿಸುತ್ತದೆ. 1929ರಲ್ಲಿ ಅದೇ ದೇಶದ ಪೆಲಿಕಾನ್ ಕಂಪನಿಯು, ಹಿಂಬದಿಯ ಗುಂಡಿಯನ್ನು ತಿರುಗಿಸಿದರೆ ಒಳಗಿನ ಕೊಂತವು ಮೇಲೇರಿ ಶಾಯಿಯನ್ನು ಸೆಳೆಯುವ ಪೆನ್ನನ್ನು ತಂದಿತು.

ಹರಾಜುಕಟ್ಟೆಯಲ್ಲಿ ಇಂದಿಗೂ ಅತ್ಯಂತ ಹೆಚ್ಚಾಗಿ ಕಾಣಸಿಗುವ ಹಳೆಯ ಪೆನ್ನುಗಳಲ್ಲಿ ‘ಪಾರ್ಕರ್ 51’ ಒಂದು. ಕಂಪನಿಗೆ 51ನೆಯ ವರ್ಷ ನಡೆಯುತ್ತಿದ್ದ 1939ರಲ್ಲಿ ರೂಪುಗೊಂಡದ್ದರಿಂದ ಅದಕ್ಕೆ ಆ ಹೆಸರು. ನಿಬ್ಬಿನ ತುದಿಯಷ್ಟೇ ಹೊರಗೆ ಕಾಣುವಂತೆ, ಉಳಿದುದಕ್ಕೆ ಮುಸುಕು ಹೊದಿಸಿದ ಆ ರೂಪವು 1941ರಲ್ಲಿ ಅಂಗಡಿಗಳಿಗೆ ಬಂದಾಗ ಬೆರಗು ಹುಟ್ಟಿಸಿತು. 1945ರ ಮೇ 7ರಂದು ಜರ್ಮನಿಯ ಶರಣಾಗತಿಗೆ ಸಹಿಯಾದ ಮೇಲೆ ಸೇನಾಧಿಪತಿ ಐಸೆನ್‌ಹೋವರನು ಎರಡು ಪೆನ್ನುಗಳನ್ನು ವಿಜಯಸೂಚಕವಾಗಿ ‘ವಿ’ ಆಕಾರದಲ್ಲಿ ಹಿಡಿದು ನಿಂತ ಚಿತ್ರವು ಪ್ರಸಿದ್ಧವಾಗಿದೆ.

ಅದೇ ವರ್ಷದ ಅಕ್ಟೋಬರ್ 29ರಂದು ನ್ಯೂಯಾರ್ಕಿನ ಅಂಗಡಿಯೊಂದರಲ್ಲಿ 12 ಡಾಲರು 50 ಸೆಂಟಿಗೆ ಬಾಲ್‌ಪಾಯಿಂಟ್ ಪೆನ್ನು ಮಾರಾಟಕ್ಕೆ ಬಂದಿತು. ಅಂದು ಅದು ದುಬಾರಿಯೂ ದೋಷಯುಕ್ತವೂ ಆಗಿತ್ತು. ಆದರೆ ಕೆಲವೇ ವರ್ಷಗಳಲ್ಲಿ ಅದರ ಬೆಲೆ ಇಳಿಯಿತು, ಗುಣ ಏರಿತು. ಫೌಂಟನ್ ಪೆನ್ನುಗಳು ಒಂದೊಂದಾಗಿ ಜೇಬಿನಿಂದ ಸೆಳೆಖಾನೆಗೆ ಸರಿದವು. ತೊಳೆಯದೆ, ಒಳಗಿನ ಶಾಯಿ ಒಣಗಿದಂತೆಯೇ, ಅವು ಅಲ್ಲಿ ಅರ್ಧ ಶತಮಾನ ಮಲಗಿದವು.

ಹರಾಜಿನ ಮರ್ಮ

ಅವನ್ನು ಎಬ್ಬಿಸಿದ್ದು ಅಂತರಜಾಲ. 1995ರ ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯದ ತರುಣ ಗಣಕತಜ್ಞ ಪಿಯೆರ್ ಒಮಿಡ್ಯಾರನು ‘ಆಕ್ಷನ್‌ವೆಬ್’ ಎಂಬ ಹರಾಜು ತಾಣವನ್ನು ತೆರೆದನು. ಮುಂದೆ ಅದೇ ‘ಈಬೇ’ ಆಯಿತು. ಅಲ್ಲಿ ಮೊದಲು ಮಾರಾಟವಾದದ್ದು ಕೆಟ್ಟುಹೋಗಿದ್ದ ಒಂದು ಲೇಸರ್ ಕಡ್ಡಿ. ಸಿಕ್ಕ ಬೆಲೆ 14 ಡಾಲರು 83 ಸೆಂಟು. ಕೆಟ್ಟ ವಸ್ತುವಿಗೂ ಎಲ್ಲೋ ಒಬ್ಬ ಗಿರಾಕಿ ಇದ್ದಾನೆ, ಅವನನ್ನು ಹುಡುಕುವುದೊಂದೇ ಕೆಲಸ ಎಂಬ ತತ್ತ್ವವು ಆ ಮೊದಲನೆಯ ವ್ಯಾಪಾರದಲ್ಲೇ ಅಡಗಿತ್ತು.

ನಮ್ಮ ಊರುಗಳ ಹರಾಜಿನಲ್ಲಿ ಕೂಗುವವನು “ಒಂದು ಸರ್ತಿ, ಎರಡು ಸರ್ತಿ” ಎಂದು ಎಣಿಸುತ್ತಾನೆ. ಮೂರನೆಯ ಸರ್ತಿಗೆ ಸುತ್ತಿಗೆ ಬೀಳುತ್ತದೆ. ಅಂತರಜಾಲದ ಹರಾಜಿನ ಕ್ರಮ ಬೇರೆ. ಸವಾಲು ಹಾಕುವವನು ತಾನು ಕೊಡಲು ಸಿದ್ಧನಿರುವ ಗರಿಷ್ಠ ಮೊತ್ತವನ್ನು ಯಂತ್ರದ ಕಿವಿಯಲ್ಲಿ ಗುಟ್ಟಾಗಿ ಹೇಳುತ್ತಾನೆ. ಯಂತ್ರವು ಅದನ್ನು ಯಾರಿಗೂ ತಿಳಿಸುವುದಿಲ್ಲ. ಎದುರಾಳಿಯ ಸವಾಲನ್ನು ಒಂದು ಮೆಟ್ಟಿಲಷ್ಟು ಮೀರಲು ಎಷ್ಟು ಬೇಕೋ ಅಷ್ಟನ್ನೇ ಅವನ ಪರವಾಗಿ ಕೂಗುತ್ತದೆ. ಒಬ್ಬನು 60 ಡಾಲರೆಂದೂ ಮತ್ತೊಬ್ಬನು 45 ಡಾಲರೆಂದೂ ಗರಿಷ್ಠ ಮಿತಿಯನ್ನು ಹೇಳಿದ್ದರೆ, ಮೆಟ್ಟಿಲು ಒಂದು ಡಾಲರಾಗಿರುವಲ್ಲಿ, ಮೊದಲನೆಯವನಿಗೆ ಪೆನ್ನು 46 ಡಾಲರಿಗೆ ದಕ್ಕುತ್ತದೆ. ಅಂದರೆ ಗೆದ್ದವನು ತೆರುವುದು ತನ್ನ ಮಿತಿಯನ್ನಲ್ಲ, ಸೋತವರಲ್ಲಿ ಮೊದಲನೆಯವನ ಮಿತಿಗಿಂತ ಕೊಂಚ ಹೆಚ್ಚನ್ನು.

ಈ ಕ್ರಮವು ಹೊಸದೇನಲ್ಲ. 1890ರ ದಶಕದಲ್ಲಿಯೇ ಅಮೆರಿಕದ ಅಂಚೆಚೀಟಿ ವ್ಯಾಪಾರಿಗಳು ದೂರದ ಗಿರಾಕಿಗಳಿಂದ ಪತ್ರದ ಮೂಲಕ ಸವಾಲುಗಳನ್ನು ತರಿಸಿಕೊಂಡು ಇದೇ ಬಗೆಯಲ್ಲಿ ಮಾರುತ್ತಿದ್ದರು. 1961ರಲ್ಲಿ ಅರ್ಥಶಾಸ್ತ್ರಜ್ಞ ವಿಲಿಯಂ ವಿಕ್ರಿ ಇದರ ತರ್ಕವನ್ನು ವಿವರಿಸಿದರು: ಎರಡನೆಯವನ ಬೆಲೆಯನ್ನು ತೆರಬೇಕಾದ ಹರಾಜಿನಲ್ಲಿ, ವಸ್ತುವು ತನಗೆಷ್ಟು ಬಾಳುವುದೋ ಅಷ್ಟನ್ನೇ ನಿಜವಾಗಿ ನುಡಿಯುವುದು ಎಲ್ಲಕ್ಕಿಂತ ಲಾಭಕರ. ಹೆಚ್ಚು ಹೇಳಿದರೆ ನಷ್ಟಕ್ಕೆ ಕೊಳ್ಳುವ ಭಯ, ಕಡಿಮೆ ಹೇಳಿದರೆ ಬೇಕಾದುದು ತಪ್ಪುವ ಭಯ. ವ್ಯಾಪಾರದಲ್ಲಿ ಸತ್ಯವೇ ಲಾಭವಾಗುವ ಅಪೂರ್ವ ಸನ್ನಿವೇಶವಿದು! ವಿಕ್ರಿಯವರಿಗೆ 1996ರಲ್ಲಿ ನೊಬೆಲ್ ಬಹುಮಾನ ಘೋಷಿತವಾಯಿತು. ಸುದ್ದಿ ಬಂದ ಮೂರನೆಯ ದಿನವೇ ಅವರು ನಿಧನರಾದರು.

ಕೊನೆಯ ಗಳಿಗೆಯ ಬೇಟೆ

ತರ್ಕ ಹೀಗಿದ್ದರೂ ಮನುಷ್ಯಸ್ವಭಾವವು ತರ್ಕಕ್ಕೆ ಬಗ್ಗುವುದಿಲ್ಲ. 45 ಡಾಲರಿನ ಮಿತಿ ಹಾಕಿಕೊಂಡವನು ತನ್ನ ಮೇಲೆ ಇನ್ನೊಬ್ಬನು ನಿಂತಿರುವುದನ್ನು ಕಂಡ ಕೂಡಲೇ 47 ಎನ್ನುತ್ತಾನೆ. ಆಮೇಲೆ 50, ಆಮೇಲೆ 55. ಸೋಮವಾರದಂದು 45 ಡಾಲರು ಬಾಳುತ್ತಿದ್ದ ಪೆನ್ನು ಶನಿವಾರದ ರಾತ್ರಿ 61 ಡಾಲರು ಬಾಳುವುದು ಹೇಗೆ? ಪೆನ್ನಿನಲ್ಲಿ ಏನೂ ಬದಲಾಗಿಲ್ಲ. ಬದಲಾದದ್ದು ಕೊಳ್ಳುವವನ ರಕ್ತದ ಬಿಸಿ.

ಆದುದರಿಂದಲೇ ಅನುಭವಿಗಳು ಬೇರೊಂದು ಉಪಾಯವನ್ನು ಹಿಡಿಯುತ್ತಾರೆ. ಏಳು ದಿನವೂ ಸುಮ್ಮನಿದ್ದು, ಹರಾಜು ಮುಗಿಯಲು ಕೆಲವೇ ಸೆಕೆಂಡುಗಳಿರುವಾಗ ತಮ್ಮ ಗರಿಷ್ಠ ಸವಾಲನ್ನು ಒಮ್ಮೆಗೇ ಎಸೆಯುತ್ತಾರೆ. ಎದುರಾಳಿಗೆ ಮರುಸವಾಲು ಹಾಕಲು ಸಮಯವಿರುವುದಿಲ್ಲ. ಕೊಕ್ಕರೆಯು ಒಂಟಿಕಾಲಿನಲ್ಲಿ ನಿಂತು ಮೀನನ್ನು ಕಾಯುವ ರೀತಿ ಇದು. ಆಲ್ವಿನ್ ರಾತ್ ಮತ್ತು ಆಕ್ಸೆಲ್ ಒಕೆನ್‌ಫೆಲ್ಸ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 2002ರಲ್ಲಿ ಪ್ರಕಟಿಸಿದ ಅಧ್ಯಯನವು ಈ ವರ್ತನೆಯನ್ನೇ ಕುರಿತದ್ದು. ಈಬೇಯಲ್ಲಿ ಹರಾಜು ನಿಗದಿಯಾದ ಕ್ಷಣಕ್ಕೆ ಮುಗಿಯುತ್ತದೆ. ಆಗ ಅಮೆಜಾನ್ ನಡೆಸುತ್ತಿದ್ದ ಹರಾಜಿನಲ್ಲಾದರೋ ಕೊನೆಯ ಗಳಿಗೆಯಲ್ಲಿ ಸವಾಲು ಬಿದ್ದರೆ ಅವಧಿಯು ಹತ್ತು ನಿಮಿಷ ಮುಂದುವರಿಯುತ್ತಿತ್ತು. ಕೊನೆಯ ಗಳಿಗೆಯ ಬೇಟೆ ಮೊದಲನೆಯ ತಾಣದಲ್ಲಿಯೇ ಬಹಳ ಹೆಚ್ಚು ಎಂದು ಅವರು ಕಂಡರು. ಗಣಕಯಂತ್ರಗಳ ಹರಾಜಿಗಿಂತ ಪುರಾತನ ವಸ್ತುಗಳ ಹರಾಜಿನಲ್ಲಿ ಅದು ಇನ್ನೂ ಹೆಚ್ಚು ಎಂಬುದನ್ನೂ ಗುರುತಿಸಿದರು.

ಇದಕ್ಕೆ ಕಾರಣ ಸ್ವಾರಸ್ಯವಾಗಿದೆ. ಹಳೆಯ ವಸ್ತುವಿನ ಬೆಲೆಯನ್ನು ಬಲ್ಲವರು ಕೆಲವರೇ. ತಜ್ಞನೊಬ್ಬನು ಬುಧವಾರವೇ ಸವಾಲು ಹಾಕಿದರೆ, ‘ಇದರಲ್ಲಿ ಏನೋ ಸತ್ತ್ವವಿದೆ’ ಎಂಬ ಗುಟ್ಟು ಊರಿಗೆಲ್ಲ ಡಂಗುರ ಹೊಡೆದಂತೆ. ಅಜ್ಞರು ಅವನ ಹೆಜ್ಜೆಯನ್ನೇ ಹಿಡಿದು ಬರುತ್ತಾರೆ. ತನ್ನ ತಿಳಿವಳಿಕೆಯನ್ನು ಬಿಟ್ಟಿಯಾಗಿ ಹಂಚಲು ಒಪ್ಪದ ತಜ್ಞನು ಕೊನೆಯ ಸೆಕೆಂಡಿನವರೆಗೂ ಮೌನವ್ರತವನ್ನು ಪಾಲಿಸುತ್ತಾನೆ.

ಗೆದ್ದವನ ಸಂಕಟ

ಹರಾಜಿನಲ್ಲಿ ಗೆಲ್ಲುವುದೇ ಒಮ್ಮೊಮ್ಮೆ ಸೋಲಾಗುತ್ತದೆ. ಕ್ರಿ.ಶ. 193ರಲ್ಲಿ ರೋಮಿನ ಅಂಗರಕ್ಷಕ ಪಡೆಯವರು ಚಕ್ರವರ್ತಿಯನ್ನು ಕೊಂದು ಸಿಂಹಾಸನವನ್ನೇ ಹರಾಜಿಗಿಟ್ಟರು. ಒಬ್ಬೊಬ್ಬ ಸೈನಿಕನಿಗೂ 25,000 ನಾಣ್ಯಗಳನ್ನು ಕೊಡುವೆನೆಂದು ಕೂಗಿದ ಡಿಡಿಯಸ್ ಜೂಲಿಯಾನಸ್ ಎಂಬ ಶ್ರೀಮಂತನಿಗೆ ಸಾಮ್ರಾಜ್ಯ ದಕ್ಕಿತು. 66 ದಿನಗಳಲ್ಲಿ ಅವನ ತಲೆಯೂ ಉರುಳಿತು.

1971ರಲ್ಲಿ ಮೂವರು ತೈಲ ಇಂಜಿನಿಯರುಗಳು ಇದೇ ಸಂಗತಿಯನ್ನು ಲೆಕ್ಕದ ಭಾಷೆಯಲ್ಲಿ ಹೇಳಿದರು. ಸಮುದ್ರತಳದಲ್ಲಿ ಎಷ್ಟು ಎಣ್ಣೆಯಿದೆಯೆಂದು ಹತ್ತು ಕಂಪನಿಗಳು ಅಂದಾಜು ಮಾಡುತ್ತವೆ. ಹತ್ತರ ಸರಾಸರಿ ಸರಿಯಾಗಿಯೇ ಇರಬಹುದು. ಆದರೆ ಗುತ್ತಿಗೆ ಹೋಗುವುದು ಸರಾಸರಿ ಅಂದಾಜಿನವನಿಗಲ್ಲ, ಅತ್ಯಂತ ಹೆಚ್ಚು ಅಂದಾಜಿಸಿದವನಿಗೆ. ಎಂದರೆ ಅತ್ಯಂತ ಹೆಚ್ಚು ತಪ್ಪಿದವನಿಗೆ. ಪೆನ್ನಿಗೂ ಇದು ಅನ್ವಯಿಸುತ್ತದೆ. ಮಸುಕಾದ ಚಿತ್ರವೊಂದನ್ನು ನೋಡಿ ಹತ್ತು ಮಂದಿ ಬೆಲೆ ಕಟ್ಟಿದಾಗ, ಬಿರುಕನ್ನು ಕಾಣದವನು, ಅಥವಾ ಕಂಡೂ ಕಾಣದಂತಿದ್ದವನು ಗೆಲ್ಲುತ್ತಾನೆ. ಆದಕಾರಣ ವಸ್ತುವಿನ ವಿಷಯದಲ್ಲಿ ಎಷ್ಟೆಷ್ಟು ಅನಿಶ್ಚಯವೋ, ಸವಾಲನ್ನು ಅಷ್ಟಷ್ಟು ಕೆಳಗಿಳಿಸತಕ್ಕದ್ದು.

ಇದರಿಂದ ಒದಗುವ ನಿಯಮ ಸರಳ. ಹರಾಜು ಆರಂಭವಾದ ದಿನವೇ, ಮನಸ್ಸು ತಣ್ಣಗಿರುವಾಗ, ಗರಿಷ್ಠ ಮೊತ್ತವನ್ನು ಒಂದು ಚೀಟಿಯಲ್ಲಿ ಬರೆದಿಡಬೇಕು. ಆ ಮೊತ್ತದಲ್ಲಿ ಅಂಚೆವೆಚ್ಚ, ರಿಪೇರಿಯ ಖರ್ಚು, ಪರದೇಶದ ವಸ್ತುವಾದರೆ ಸುಂಕ ಎಲ್ಲವೂ ಅಡಕವಾಗಿರಬೇಕು. ಅದೇ ಮಾದರಿಯ ಪೆನ್ನು ಹಿಂದಿನ ತಿಂಗಳುಗಳಲ್ಲಿ ಎಷ್ಟಕ್ಕೆ ಮಾರಾಟವಾಯಿತೆಂಬ ದಾಖಲೆಯು ಹರಾಜು ತಾಣದಲ್ಲಿಯೇ ದೊರೆಯುತ್ತದೆ. ನೋಡಬೇಕಾದದ್ದು ಅದನ್ನು, ಮಾರುವವರು ಕೇಳುತ್ತಿರುವ ಬೆಲೆಯನ್ನಲ್ಲ. ಬಯಸುವ ಬೆಲೆಗೆ ಲಂಗುಲಗಾಮಿಲ್ಲ. ಸಂದ ಬೆಲೆಯೇ ಬೆಲೆ. ಚೀಟಿಯನ್ನು ಮನೆಯಾಕೆಯ ಕೈಗೆ ಕೊಟ್ಟಿಡುವುದು ಇನ್ನೂ ಕ್ಷೇಮ. ಹಾಲಿನ ಲೆಕ್ಕವನ್ನೂ ಮಕ್ಕಳ ಶಾಲೆಯ ಶುಲ್ಕವನ್ನೂ ನೆನಪಿಟ್ಟಿರುವ ಆಕೆಯ ಎದುರಿಗೆ 45 ಎಂಬುದು 61 ಆಗುವುದು ಅಷ್ಟು ಸುಲಭವಲ್ಲ.

ಚಿತ್ರವನ್ನು ಓದುವ ಬಗೆ

ಎಮ್ಮೆಯನ್ನು ನೀರಿನಿಂದ ಮೇಲೆಬ್ಬಿಸಲಾಗದಿದ್ದರೂ ಕೊಂಬನ್ನಾದರೂ ಚೆನ್ನಾಗಿ ಪರೀಕ್ಷಿಸಬಹುದು. ಒಳ್ಳೆಯ ಮಾರಾಟಗಾರನು ನಿಬ್ಬಿನ ತುದಿಯನ್ನೂ, ಮುಚ್ಚಳದ ಅಂಚನ್ನೂ, ಒಡಲಿನ ಮೇಲೆ ಅಚ್ಚೊತ್ತಿದ ಅಕ್ಷರಗಳನ್ನೂ ಹತ್ತಿರದಿಂದ ತೋರಿಸುತ್ತಾನೆ. ಮುಚ್ಚಳದ ಅಂಚೇ ಬಿರುಕು ಮೊದಲು ಕಾಣಿಸಿಕೊಳ್ಳುವ ಸ್ಥಳ. ನಿಬ್ಬಿನ ತುದಿಯಲ್ಲಿ ಗಟ್ಟಿಲೋಹದ ಸಣ್ಣ ಗುಂಡೊಂದು ಇರಬೇಕು. ಅದು ಸವೆದಿದ್ದರೆ ಅಥವಾ ಒಂದು ಪಕ್ಕ ಮುರಿದಿದ್ದರೆ ಆ ಪೆನ್ನಿನ ಬೆಲೆ ಅರ್ಧಕ್ಕಿಂತಲೂ ಇಳಿದಂತೆ. ಈ ಭಾಗಗಳ ಚಿತ್ರ ಇಲ್ಲದಿದ್ದಲ್ಲಿ ಕೇಳಿ ತರಿಸಿಕೊಳ್ಳಬೇಕು. ಕೇಳಿದರೂ ಕಳುಹಿಸದವನ ಮೌನವೇ ಒಂದು ಉತ್ತರ.

ಪೆನ್ನು ಯಾವ ವಸ್ತುವಿನಿಂದ ಆದದ್ದು ಎಂಬುದನ್ನು ತಿಳಿದವನಿಗೆ ಚಿತ್ರವು ಇನ್ನಷ್ಟು ಮಾತಾಡುತ್ತದೆ. ಮೊದಮೊದಲ ಪೆನ್ನುಗಳು ಎಬೊನೈಟಿನವು. ಅಂದರೆ ಗಂಧಕ ಬೆರೆಸಿ ಕಾಯಿಸಿ ಗಟ್ಟಿಮಾಡಿದ ರಬ್ಬರು. ಬೆಳಕೂ ತೇವವೂ ತಗುಲಿದರೆ ಅದರ ಕಪ್ಪು ಕಳೆದು ಕಂದು ಬಣ್ಣ ಬರುತ್ತದೆ. 1924ರ ಸುಮಾರಿನಿಂದ ಬಣ್ಣಬಣ್ಣದ ಸೆಲ್ಯುಲಾಯ್ಡ್ ಬಂದಿತು. ಹಸಿರು ಸೆಲ್ಯುಲಾಯ್ಡಿನ ಒಡಲು ಹಳದಿಯಾಗಿ, ಮುಚ್ಚಳ ಮಾತ್ರ ಹಸಿರಾಗಿ ಉಳಿದಿದ್ದರೆ, ಒಳಗಿನ ರಬ್ಬರ್ ಚೀಲದಿಂದ ಹೊರಟ ಗಂಧಕದ ಆವಿಯೇ ಅದಕ್ಕೆ ಕಾರಣವೆಂದು ತಿಳಿಯಬೇಕು. ಆ ಕಲೆಗೆ ಮದ್ದಿಲ್ಲ. ಇಂಗ್ಲೆಂಡಿನ ಕಾನ್ವೇ ಸ್ಟುವರ್ಟ್ ಕಂಪನಿಯ ಅನೇಕ ಚೆಲುವಾದ ಪೆನ್ನುಗಳು ಕೇಸೀನಿನಿಂದ ಆದವು. ಕೇಸೀನ್ ಎಂದರೆ ಹಾಲನ್ನು ಒಡೆದು ತೆಗೆದ ಸಾರ! ಅಂಥ ಪೆನ್ನನ್ನು ನೀರಿನಲ್ಲಿ ನೆನೆಸಿಟ್ಟರೆ ಉಬ್ಬಿ ಹಾಳಾಗುತ್ತದೆ.

ಪಾರ್ಕರ್ ಕಂಪನಿಯು 1940ರ ದಶಕದ ಪೆನ್ನುಗಳ ಒಡಲಿನ ಮೇಲೆ ತಯಾರಿಕೆಯ ಕಾಲವನ್ನೇ ಗುಟ್ಟಾಗಿ ಬರೆದಿಡುತ್ತಿತ್ತು. ವರ್ಷದ ಕೊನೆಯ ಅಂಕಿ, ಅದರ ಪಕ್ಕದಲ್ಲಿ ಚುಕ್ಕಿಗಳು. ವರ್ಷದ ಮೊದಲ ಮೂರು ತಿಂಗಳಲ್ಲಿ ಮೂರು ಚುಕ್ಕಿ. ಪ್ರತಿ ಮೂರು ತಿಂಗಳಿಗೊಮ್ಮೆ ಅಚ್ಚಿನಿಂದ ಒಂದೊಂದು ಚುಕ್ಕಿಯನ್ನು ಅಳಿಸುತ್ತಿದ್ದರು. ಕೊನೆಯ ಮೂರು ತಿಂಗಳಲ್ಲಿ ಚುಕ್ಕಿಯೇ ಇಲ್ಲ. ‘2’ ಎಂಬ ಅಂಕಿಯ ಪಕ್ಕದಲ್ಲಿ ಎರಡು ಚುಕ್ಕಿಗಳಿದ್ದರೆ ಆ ಪೆನ್ನು 1942ರ ಏಪ್ರಿಲಿನಿಂದ ಜೂನಿನೊಳಗೆ ಹುಟ್ಟಿದ್ದು. ಉತ್ಸಾಹದಿಂದ ಪೆನ್ನನ್ನು ಉಜ್ಜಿ ಉಜ್ಜಿ ಥಳಥಳಿಸುವಂತೆ ಮಾಡುವ ಮಾರಾಟಗಾರನು ಈ ಜನ್ಮಪತ್ರಿಕೆಯನ್ನೇ ಅಳಿಸಿಬಿಡುವುದುಂಟು. ಬೂದಿ ಮುಸುಕಿದಂತಿದ್ದರೂ ಅಕ್ಷರಗಳು ಸ್ಫುಟವಾಗಿರುವ ಪೆನ್ನು, ಹೊಳೆಯುತ್ತಿದ್ದರೂ ಅಕ್ಷರಗಳು ಸವೆದಿರುವ ಪೆನ್ನಿಗಿಂತ ಮೇಲು.

ಚಿತ್ರದಂತೆ ಮಾತನ್ನೂ ಓದಬೇಕು. ‘ಪರೀಕ್ಷಿಸಿ ನೋಡಿಲ್ಲ’ ಎಂದರೆ ಬಹುಮಟ್ಟಿಗೆ ಪರೀಕ್ಷಿಸಿ, ಕೆಟ್ಟಿದೆಯೆಂದು ಕಂಡು, ಬಾಯಿ ಮುಚ್ಚಿಕೊಂಡಿದ್ದಾನೆಂದೇ ಅರ್ಥ. ‘ಪೆನ್ನುಗಳ ವಿಷಯದಲ್ಲಿ ನನಗೇನೂ ತಿಳಿಯದು’ ಎಂಬ ವಿನಯವು ಜವಾಬ್ದಾರಿಯಿಂದ ಜಾರಿಕೊಳ್ಳುವ ಜಾಣತನವೂ ಆಗಬಹುದು. ‘ಅತ್ಯಂತ ಅಪರೂಪ’ ಎಂಬ ಮಾತಂತೂ ಅತ್ಯಂತ ಸಾಮಾನ್ಯ. ಪಾರ್ಕರ್ 51 ಪೆನ್ನುಗಳು ತಯಾರಾದದ್ದು ಕೋಟಿಯ ಲೆಕ್ಕದಲ್ಲಿ. ಅದನ್ನು ಅಪರೂಪವೆನ್ನುವುದು ಮಲೆನಾಡಿನಲ್ಲಿ ಮಳೆಯನ್ನು ಅಪರೂಪವೆಂದಂತೆ. ನಿಬ್ಬಿನ ಮೇಲೆ 14 ಕ್ಯಾರೆಟ್ ಅಥವಾ 585 ಎಂಬ ಗುರುತಿದ್ದರೆ ಅದರ ಸಾವಿರ ಪಾಲಿನಲ್ಲಿ 585 ಪಾಲು ಚಿನ್ನ. ಗುರುತಿಲ್ಲದ ಹಳದಿ ನಿಬ್ಬು ಸಾಧಾರಣವಾಗಿ ಚಿನ್ನದ ನೀರು ಕುಡಿದ ಉಕ್ಕು.

ರಾಹುವಿನ ತಲೆ, ಕೇತುವಿನ ಮುಂಡ

ಒಂದು ಪೆನ್ನಿನ ಮುಚ್ಚಳ, ಇನ್ನೊಂದರ ಒಡಲು, ಮತ್ತೊಂದರ ನಿಬ್ಬು ಕೂಡಿಸಿ ‘ಮೂಲರೂಪದಲ್ಲಿದೆ’ ಎಂದು ಮಾರುವವರು ಉಂಟು. ಇಂಥ ರಾಹುಕೇತುಗಳನ್ನು ಗುರುತಿಸಲು ಹಳೆಯ ಜಾಹೀರಾತುಗಳ ಮತ್ತು ಕಂಪನಿಗಳ ಕ್ಯಾಟಲಾಗುಗಳ ಚಿತ್ರಗಳನ್ನು ಹೋಲಿಸಿ ನೋಡುವುದೊಂದೇ ಮಾರ್ಗ. ಪಾರ್ಕರ್ 51ರ ರೂಪವನ್ನು ಅನುಸರಿಸಿ ಚೀನಾದಲ್ಲಿ ತಯಾರಾದ ‘ಹೀರೋ’ ಪೆನ್ನುಗಳು ಒಂದು ಕಾಲದಲ್ಲಿ ನಮ್ಮ ದೇಶದ ಶಾಲಾಮಕ್ಕಳ ಜೇಬಿನಲ್ಲೆಲ್ಲ ಕಾಣುತ್ತಿದ್ದವು. ಅವು ತಮ್ಮ ಹೆಸರಿನಲ್ಲೇ ಮಾರಾಟವಾದರೆ ದೋಷವಿಲ್ಲ. ಮುಸುಕಿನ ನಿಬ್ಬನ್ನಷ್ಟೇ ನೋಡಿ ಪಾರ್ಕರೆಂದು ನಂಬುವವನು ಮಾತ್ರ ಹಣ ಕಳೆದುಕೊಳ್ಳುತ್ತಾನೆ.

ಇದಕ್ಕಿಂತ ಸೂಕ್ಷ್ಮವಾದ ಮೋಸವೆಂದರೆ ಮಾರಾಟಗಾರನೇ ಬೇರೆ ಹೆಸರುಗಳಿಂದ ಸವಾಲು ಹಾಕಿ ಬೆಲೆಯನ್ನು ಏರಿಸುವುದು. 2000ದ ಮೇ ತಿಂಗಳಲ್ಲಿ ಈಬೇಯಲ್ಲಿ 25 ಸೆಂಟಿನಿಂದ ಆರಂಭವಾದ ಒಂದು ವರ್ಣಚಿತ್ರದ ಹರಾಜು 1,35,000 ಡಾಲರನ್ನೂ ಮೀರಿ ಏರಿತು. ಪ್ರಖ್ಯಾತ ಕಲಾವಿದನ ಕೃತಿಯಿರಬೇಕೆಂದು ಜನ ಭ್ರಮಿಸುವಂತೆ ಅದನ್ನು ಬಣ್ಣಿಸಲಾಗಿತ್ತು. ಮಾರಾಟಗಾರನೂ ಅವನ ಸಂಗಡಿಗರೂ ಪರಸ್ಪರರ ವಸ್ತುಗಳಿಗೆ ತಾವೇ ಸವಾಲು ಹಾಕುತ್ತಿದ್ದರು. ವ್ಯಾಪಾರವು ರದ್ದಾಯಿತು, ಮೊಕದ್ದಮೆ ನಡೆದು ಅವರಲ್ಲಿ ಇಬ್ಬರು 2001ರಲ್ಲಿ ತಪ್ಪೊಪ್ಪಿಕೊಂಡರು. ಅಷ್ಟು ದೊಡ್ಡ ಮೊತ್ತವಾದುದರಿಂದ ಅದು ಬಯಲಿಗೆ ಬಂದಿತು. ನಲವತ್ತು ಐವತ್ತು ಡಾಲರಿನ ಪೆನ್ನಿಗೆ ಯಾವ ನ್ಯಾಯಾಲಯವೂ ಬಾಗಿಲು ತೆರೆದು ಕಾಯುವುದಿಲ್ಲ. ಅಲ್ಲಿ ಕೊಳ್ಳುವವನ ಕೈಯಲ್ಲಿರುವ ಚೀಟಿಯೇ ಕಾವಲು. ತನ್ನ ಮಿತಿಯನ್ನು ಮೀರದವನನ್ನು ಸುಳ್ಳು ಸವಾಲು ಬಹುದೂರ ಎಳೆದೊಯ್ಯಲಾರದು.

ಚನ್ನಪಟ್ಟಣದ ಅರಗು, ಅಮೆರಿಕದ ಪೆನ್ನು

ಪಾರ್ಸಲು ಬಂದ ಮೇಲೆ ಅವಸರವು ಅನರ್ಥಕರ. ಸನ್ನೆಕಡ್ಡಿಯ ಪೆನ್ನಿನೊಳಗಿನ ರಬ್ಬರ್ ಚೀಲವು ಇಷ್ಟು ವರ್ಷಗಳಲ್ಲಿ ಹಪ್ಪಳದಂತೆ ಗರಿಗರಿಯಾಗಿರುತ್ತದೆ. ಕಡ್ಡಿಯನ್ನು ಬಲವಂತವಾಗಿ ಎತ್ತಿದರೆ ಚೀಲವೂ ಹೋಯಿತು, ಕಡ್ಡಿಯೂ ಮುರಿಯಿತು. ಸೆಲ್ಯುಲಾಯ್ಡಿಗೆ ಸ್ಪಿರಿಟ್ಟು ಸೋಕಿದರೆ ಮೈ ಕರಗುತ್ತದೆ. ಬೆಂಕಿ ತಗುಲಿದರೆ ಭಗ್ಗೆಂದು ಉರಿಯುತ್ತದೆ. ಎಬೊನೈಟನ್ನು ನೀರಿನಲ್ಲಿ ನೆನೆಸಿದರೆ ಬಣ್ಣ ಕೆಡುತ್ತದೆ. ನಿಬ್ಬಿನ ಭಾಗವನ್ನಷ್ಟೇ ತಣ್ಣೀರಿಗೆ ತಾಗಿಸಿ, ತಾಳ್ಮೆಯಿಂದ ಹಳೆಯ ಶಾಯಿಯನ್ನು ಬಿಡಿಸಿ, ಉಳಿದ ಕೆಲಸವನ್ನು ಬಲ್ಲವರಿಗೆ ಒಪ್ಪಿಸುವುದು ಲೇಸು. ಚಿತ್ರ ಬಿಡಿಸುವ ಇಂಡಿಯನ್ ಇಂಕನ್ನು ಇಂಥ ಪೆನ್ನಿಗೆ ಎಂದೂ ತುಂಬಬಾರದು; ಒಣಗಿದರೆ ಅದು ಒಳದಾರಿಗಳನ್ನೆಲ್ಲ ಮುಚ್ಚಿಬಿಡುತ್ತದೆ.

ಹೊಸ ಚೀಲವನ್ನು ನಿಬ್ಬಿನ ಕೊರಳಿಗೆ ಅಂಟಿಸಲು ರಿಪೇರಿಯವರು ಬಳಸುವುದು ಅರಗನ್ನು. ಆಧುನಿಕ ಅಂಟುಗಳು ಹಿಡಿದರೆ ಬಿಡುವುದಿಲ್ಲ. ಅರಗಾದರೋ ಹದವಾದ ಬಿಸಿಗೆ ಮೆತ್ತಗಾಗಿ ಬಿಟ್ಟುಕೊಡುತ್ತದೆ. ಮುಂದಿನ ತಲೆಮಾರಿನವನು ಮತ್ತೆ ಬಿಚ್ಚಬೇಕೆಂಬುದನ್ನು ಅದು ಬಲ್ಲುದು. ಮುತ್ತುಗದಂಥ ಮರಗಳ ಕೊಂಬೆಗಳ ಮೇಲೆ ಸಣ್ಣ ಕೀಟಗಳು ಸ್ರವಿಸುವ ಈ ಅಂಟು ಹೇರಳವಾಗಿ ದೊರೆಯುವುದು ಭಾರತದಲ್ಲಿ. ಚನ್ನಪಟ್ಟಣದ ಬೊಂಬೆಗಳಿಗೆ ಬಣ್ಣದ ಹೊಳಪು ಕೊಡುವುದೂ ಅದೇ ಅರಗು. 1937ರಲ್ಲಿ ಮೈಸೂರಿನಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆ ಸ್ಥಾಪನೆಯಾದದ್ದೂ ಕಾಡಿನ ಈ ಸಂಪತ್ತನ್ನು ನೆಚ್ಚಿಯೇ. ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಯಿಂದ ಮುಂದೆ ಅದು ಖ್ಯಾತಿ ಪಡೆಯಿತು.

ಮೊದಲು ಮನೆಯ ಪೆಟ್ಟಿಗೆ

ಹೊಸದಾಗಿ ಈ ಹವ್ಯಾಸಕ್ಕೆ ಇಳಿಯುವವರು ದುಬಾರಿ ಪೆನ್ನಿನಿಂದ ಆರಂಭಿಸಬೇಕಾಗಿಲ್ಲ. ಅಮೆರಿಕದ ಎಸ್ಟರ್‌ಬ್ರೂಕ್ ಕಂಪನಿಯ ಹಳೆಯ ಪೆನ್ನುಗಳ ನಿಬ್ಬು ಉಕ್ಕಿನದು. ತಿರುಗಿಸಿ ಬಿಚ್ಚಿ ಬೇರೊಂದನ್ನು ಹಾಕಬಹುದು. ರಿಪೇರಿ ಸುಲಭ, ಬೆಲೆಯೂ ಮಿತ. ಷೀಫರಿನ ‘ಸ್ನಾರ್ಕೆಲ್’ ಪೆನ್ನು 1952ರಲ್ಲಿ ಬಂದ ಯಂತ್ರವಿಚಿತ್ರ. ನಿಬ್ಬಿನ ಕೆಳಗಿನಿಂದ ಸೊಳ್ಳೆಯ ಸೊಂಡಿಲಿನಂಥ ನಳಿಕೆ ಹೊರಬಂದು ಶಾಯಿ ಹೀರುತ್ತದೆ. ನೋಡಲು ಚೆಂದ, ಕೆಟ್ಟರೆ ರಿಪೇರಿ ಮಾಡುವವನನ್ನು ಹುಡುಕುವುದು ಕಷ್ಟ. ಅಗ್ಗವೆಂದು ಮುಗ್ಗಲು ಜೋಳ ಕೊಂಡಂತಾಗಬಾರದು.

ಭಾರತದ ಕೊಳ್ಳುವವರಿಗೆ ಇನ್ನೂ ಒಂದು ಅಡಚಣೆಯುಂಟು. 2004ರಲ್ಲಿ ‘ಬಾಜೀ’ ಎಂಬ ದೇಶೀ ತಾಣವನ್ನು ಕೊಂಡು ಈಬೇ ಇಲ್ಲಿ ತೆರೆದಿದ್ದ ಅಂಗಡಿಯು 2018ರಲ್ಲಿ ಮುಚ್ಚಿತು. ಈಗ ಕೊಳ್ಳುವುದೆಂದರೆ ಪರದೇಶದಿಂದಲೇ ತರಿಸುವುದು; ಸುಂಕ ಮತ್ತು ಅಂಚೆವೆಚ್ಚ ಸೇರಿದರೆ ಅಗ್ಗದ ಪೆನ್ನೂ ಅಗ್ಗವಾಗಿ ಉಳಿಯುವುದಿಲ್ಲ. ಆದರೆ ಹಳೆಯ ಕ್ರಮದ ಪೆನ್ನೇ ಬೇಕೆನ್ನುವವರು ಹಡಗು ವಿಮಾನಗಳನ್ನು ಕಾಯಬೇಕಾದುದಿಲ್ಲ. ಗಾಂಧೀಜಿಯವರ ಸ್ವದೇಶೀ ಕರೆಗೆ ಓಗೊಟ್ಟು ಪೆನ್ನು ಮಾಡಿ, 1935ರಲ್ಲಿ ಅವರಿಂದ ಮೆಚ್ಚಿಕೆಯ ಪತ್ರ ಪಡೆದ ರತ್ನಂ ಅವರ ಊರು ರಾಜಮಹೇಂದ್ರಿ. ಅಲ್ಲಿಯೂ ತಮಿಳುನಾಡಿನಲ್ಲಿಯೂ ಎಬೊನೈಟಿನ ಕಡ್ಡಿಯನ್ನು ಚರಕಿಗೆ ಹಿಡಿದು ಕೈಯಿಂದಲೇ ಪೆನ್ನು ಕಡೆಯುವ ವಿದ್ಯೆ ಇಂದಿಗೂ ಜೀವಂತವಾಗಿದೆ.

ಎಲ್ಲಕ್ಕಿಂತ ಮೊದಲು ನೋಡಬೇಕಾದ ಸ್ಥಳವು ಮತ್ತೂ ಹತ್ತಿರದ್ದು. ಹಿಂದಿನ ತಲೆಮಾರಿನ ಶಾನುಭೋಗರು, ಮೇಷ್ಟರು, ವಕೀಲರು, ಗುಮಾಸ್ತರು ಇದ್ದ ಮನೆಗಳಲ್ಲಿ ಕಾಗದಪತ್ರಗಳ ಪೆಟ್ಟಿಗೆಯ ತಳದಲ್ಲಿ ಒಂದಾದರೂ ಪೆನ್ನು ಮಲಗಿರುವ ಸಂಭವವುಂಟು. ಬರೆಯುವುದಿಲ್ಲವೆಂದು ಅದನ್ನು ಹಳೆಯ ಸಾಮಾನಿನವನಿಗೆ ತೂಗಿಕೊಡುವುದೂ, ಚಿನ್ನದ ಆಸೆಗೆ ನಿಬ್ಬನ್ನು ಕಿತ್ತು ಅಕ್ಕಸಾಲಿಗನ ಮೂಸೆಗೆ ಹಾಕಿಸುವುದೂ ನಡೆಯುತ್ತಲೇ ಇದೆ. ಸಾಮಾನ್ಯವಾದ ನಿಬ್ಬು ಒಂದು ಗ್ರಾಮೂ ತೂಗುವುದಿಲ್ಲ. ಆ ಚೂರಿನ ಆಸೆಗೆ ಹಾಳಾಗುವುದು, ಯಾರದೋ ಮೊದಲ ಸಂಬಳದಲ್ಲಿ ಕೊಂಡು, ಮಕ್ಕಳ ಜಾತಕದಿಂದ ಹಿಡಿದು ಜಮೀನಿನ ಅರ್ಜಿಯವರೆಗೆ ಸಂಸಾರದ ಸಮಸ್ತವನ್ನೂ ಬರೆದ ಕೈಯ ಗುರುತು. ಹಳೆಯ ನಿಬ್ಬು ತನ್ನನ್ನು ಹಿಡಿದವನ ಬರಹದ ಓರೆಗೆ ತಕ್ಕಂತೆ ಸವೆದಿರುತ್ತದೆ. ಅದು ಬೇರೊಬ್ಬನ ಕೈಗೆ ಕೂಡಲೇ ಒಗ್ಗುವುದಿಲ್ಲ.

ಹರಾಜಿನಲ್ಲಿ ಕೊಂಡ ಪೆನ್ನಿನ ಮೇಲೆ ಒಮ್ಮೊಮ್ಮೆ ಅಪರಿಚಿತ ಹೆಸರೊಂದು ಕೆತ್ತಿರುವುದುಂಟು. ಅದರಿಂದ ಬೆಲೆ ಕಡಿಮೆಯಾಗುತ್ತದೆಂದು ಸಂಗ್ರಹಕಾರರು ಮುಖ ತಿರುಗಿಸುತ್ತಾರೆ. ಬರೆಯುವುದಕ್ಕೆಂದೇ ಕೊಳ್ಳುವವನಿಗೆ ಅದು ಲಾಭ: ಕಡಿಮೆ ಹಣಕ್ಕೆ ಒಳ್ಳೆಯ ಪೆನ್ನು. ತನ್ನ ಮನೆಯ ಪೆಟ್ಟಿಗೆಯ ಪೆನ್ನಿನ ಮೇಲೆ ಅಜ್ಜನ ಹೆಸರಿದ್ದರೆ ಮಾತ್ರ ಲೆಕ್ಕ ಬೇರೆ. ಅದನ್ನು ಸವಾಲಿಗೆ ಇಡಬೇಕಾಗಿಲ್ಲ. ತೊಳೆಸಿ, ಹೊಸ ಚೀಲ ಹಾಕಿಸಿ, ಮುಂದಿನ ಪತ್ರವನ್ನು ಅದರಿಂದಲೇ ಬರೆದರೆ ಸಾಕು.